ಕಾಸರಗೋಡಿನ ಮನೆಗೆ ಯಾವ ಎಸ್‌ಯುವಿ, ಯಾವ ಸಾಲ?

ನೆಕ್ಸಾನೋ ಬ್ರೆಝಾವೋ, ಕ್ರೆಟಾವೋ ಗ್ರ್ಯಾಂಡ್ ವಿಟಾರಾವೋ, ಅಥವಾ ಒಮ್ಮೆಲೇ ಏಳು ಸೀಟಿನದ್ದೇ ತೆಗೆದುಬಿಡುವುದೋ? ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆ ಹೊಸ ಗಾಡಿಗೆ ಹೊರಟ ಮನೆಗಳಲ್ಲಿ ಮಾತು ಶುರುವಾಗುವುದೇ ಹೆಸರಿನಿಂದ. ಹಾಗೆ ಶುರುವಾದ ಮಾತು ಶೋರೂಮಿಗೆ ಹೋದ ಮೇಲೆ ಸನ್‌ರೂಫ್, ದೊಡ್ಡ ಸ್ಕ್ರೀನು ಅಂತ ಬೆಳೆದು, ಕೊನೆಗೆ "ತಿಂಗಳಿಗೆ ಬರೇ ಎರಡು ಸಾವಿರ ಜಾಸ್ತಿ" ಎಂಬಲ್ಲಿಗೆ ಮುಗಿಯುತ್ತದೆ. ಆ ಎರಡು ಸಾವಿರ ಎಷ್ಟು ವರ್ಷ ಎಂದು ಯಾರೂ ಕೇಳುವುದಿಲ್ಲ.

ಕ್ರಮ ಬೇರೆ ಇರಬೇಕು. ಮೊದಲು ಮನೆಯ ದಾರಿ ಮತ್ತು ಮನೆಯ ಜನ, ಆಮೇಲೆ ತೆರಿಗೆಯ ಗೆರೆ, ಆಮೇಲೆ ಇಂಧನ, ಎಲ್ಲದರ ನಂತರ ಗಾಡಿಯ ಹೆಸರು. ಕಂತು ಎಷ್ಟು, ಎಷ್ಟು ವರ್ಷ ಎನ್ನುವುದು ಮಾತ್ರ ಶೋರೂಮಿನ ಮೆಟ್ಟಿಲು ಹತ್ತುವ ಮೊದಲೇ ಕಾಗದದ ಮೇಲೆ ಬರೆದಿರಬೇಕು.

ಮನೆಯಲ್ಲೇ ಅಳೆಯಬೇಕಾದದ್ದು

ಟೇಪು ಹಿಡಿದು ಗೇಟಿನ ಅಗಲ, ಅಂಗಳಕ್ಕೆ ತಿರುಗುವ ಮೂಲೆ, ಶೆಡ್ಡಿನ ಉದ್ದ ಮೂರನ್ನೂ ಅಳೆಯಿರಿ. ಕ್ರೆಟಾದ ಅಗಲ 1790 ಮಿ.ಮೀ., ನೆಕ್ಸಾನಿನದ್ದು 1804, ಎಕ್ಸ್‌ಯುವಿ700ರದ್ದು 1890, ಸ್ಕಾರ್ಪಿಯೋ ಎನ್‌ನದ್ದು 1917, ಸಫಾರಿಯದ್ದು 1922. ಇದು ಕನ್ನಡಿ ಬಿಟ್ಟ ಲೆಕ್ಕ. ಬಿಚ್ಚಿದ ಕನ್ನಡಿಗಳಿಗೆ ಇನ್ನೂ ಕಾಲು ಮೀಟರಿನಷ್ಟು ಸೇರಿಸಿಕೊಳ್ಳಿ. 8 ಅಡಿ ಗೇಟು ಅಂದರೆ 2438 ಮಿ.ಮೀ. ನೇರವಾಗಿ ಬಂದರೆ ಸಫಾರಿಯೂ ಒಳಗೆ ಹೋಗುತ್ತದೆ. ಆದರೆ ಹತ್ತು ಅಡಿಯ ಪಂಚಾಯತ್ ಕಾಂಕ್ರೀಟು ರಸ್ತೆಯಿಂದ, ಎದುರಿಗೆ ಮುರಕಲ್ಲಿನ ಕಂಪೌಂಡು ಇಟ್ಟುಕೊಂಡು ಅಡ್ಡಕ್ಕೆ ತಿರುಗಿ ನುಗ್ಗಬೇಕಾದರೆ ದಿನಾ ಎರಡು ಮೂರು ಸಲ ಹಿಂದೆ ಮುಂದೆ ಮಾಡಲೇಬೇಕು. ಮುರಕಲ್ಲು ಒಮ್ಮೆ ಒರೆಸಿದರೆ ಬಣ್ಣ ಅಲ್ಲ, ತಗಡೇ ಹೋಗುತ್ತದೆ.

ಎರಡನೆಯದು ಏರು. ನಮ್ಮಲ್ಲಿ ಮನೆ ಹೆಚ್ಚಾಗಿ ತೋಟದ ಬದಿಯ ತಗ್ಗಿನಲ್ಲಿ, ರಸ್ತೆ ಗುಡ್ಡದ ಮೇಲೆ. ಮಳೆಗಾಲದಲ್ಲಿ ಕಾಂಕ್ರೀಟಿನ ಮೇಲೆ ಪಾಚಿ ಕಟ್ಟಿದಾಗ, ಐದು ಜನ ಕೂತ ಗಾಡಿಯನ್ನು ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸುವುದೇ ಅದರ ನಿಜವಾದ ಪರೀಕ್ಷೆ. ಹೆಚ್ಚಿನ ಎಸ್‌ಯುವಿಗಳಲ್ಲಿ ಎಂಜಿನಿನ ಬಲ ಹೋಗುವುದು ಮುಂದಿನ ಚಕ್ರಕ್ಕೆ. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ, ಮುಂದಿನ ಚಕ್ರ ಹಗುರಾಗಿ ಸುಮ್ಮನೆ ತಿರುಗುತ್ತದೆ. ಸ್ಕಾರ್ಪಿಯೋ ಎನ್‌ನಂತೆ ಹಿಂದಿನ ಚಕ್ರಕ್ಕೆ ಬಲ ಕೊಡುವ ಗಾಡಿ ಅಲ್ಲಿ ಗೆಲ್ಲುತ್ತದೆ. ಹಾಗೆಂದು ಈ ಒಂದು ಏರಿಗಾಗಿ ಲಕ್ಷಗಟ್ಟಲೆ ಕೊಟ್ಟು ನಾಲ್ಕು ಚಕ್ರದ ಡ್ರೈವ್ ತೆಗೆದುಕೊಳ್ಳುವ ಮೊದಲು, ಕಾಂಕ್ರೀಟಿಗೆ ಅಡ್ಡಡ್ಡ ಗೆರೆ ಕೊರೆಸಿ, ಜೂನಿಗೆ ಮೊದಲು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ ನೋಡಿ. ಬಹುಪಾಲು ಮನೆಗಳ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಏರು ಡಾಮಾರು ರಸ್ತೆಗೆ ಸೇರುವ ಗೂನಿನಲ್ಲಿ ಗಾಡಿಯ ಹೊಟ್ಟೆ ತಾಗುತ್ತದೆಯೇ ಎಂದು ನೋಡುವುದಾದರೆ ಖಾಲಿ ಗಾಡಿಯಲ್ಲಿ ನೋಡಿದರೆ ಸಾಲದು. ಬ್ರೋಷರಿನಲ್ಲಿರುವ ಗ್ರೌಂಡ್ ಕ್ಲಿಯರೆನ್ಸ್ ಜನ ತುಂಬಿದ ಮೇಲೆ ಕೆಲವು ಸೆಂಟಿಮೀಟರ್ ಇಳಿದಿರುತ್ತದೆ.

ಮೂರನೆಯದು ಜನ. ವರ್ಷದಲ್ಲಿ ಎಷ್ಟು ದಿನ ಐದಕ್ಕಿಂತ ಹೆಚ್ಚು ಮಂದಿ ಒಂದೇ ಗಾಡಿಯಲ್ಲಿ ಹೋಗುತ್ತೀರಿ? ಮದುವೆ, ಉಪನಯನ, ಮಧೂರು, ಕಟೀಲು, ವಿಮಾನ ನಿಲ್ದಾಣ ಎಲ್ಲ ಸೇರಿಸಿ ಎಣಿಸಿ. ಇಪ್ಪತ್ತು ದಿನದೊಳಗೆ ನಿಂತರೆ ಏಳು ಸೀಟು ಬೇಡ. ಆ ದಿನಗಳಿಗೆ ಬಾಡಿಗೆ ಗಾಡಿ ಮಾಡಿದರೂ ಉಳಿತಾಯವೇ. ಮನೆಯಲ್ಲಿ ಮೊಣಕಾಲು ನೋವಿನ ಅಜ್ಜಿ ಇದ್ದು, ತಿಂಗಳಿಗೆರಡು ಸಲ ದೇರಳಕಟ್ಟೆಯ ಆಸ್ಪತ್ರೆಗೆ ಹೋಗುವುದಿದ್ದರೆ ಅವರನ್ನೇ ಟೆಸ್ಟ್ ಡ್ರೈವಿಗೆ ಕರೆದುಕೊಂಡು ಹೋಗಿ. ಸೀಟು ಅವರ ಸೊಂಟದ ಮಟ್ಟಕ್ಕಿರಬೇಕು: ತಿರುಗಿ ಕೂತು ಕಾಲು ಒಳಗೆ ಎಳೆದುಕೊಂಡರೆ ಮುಗಿಯಬೇಕು. ಸ್ಕಾರ್ಪಿಯೋದಂಥ ಎತ್ತರದ ಗಾಡಿಗೆ ಅವರು ಹತ್ತಬೇಕಾಗುತ್ತದೆ.

ಕೊನೆಗೆ ತಿಂಗಳ ಓಟ. ಹಳೆ ಗಾಡಿಯ ಮೀಟರಿನಿಂದ ಆರು ತಿಂಗಳ ಲೆಕ್ಕ ತೆಗೆದು ಆರರಿಂದ ಭಾಗಿಸಿ. ಅದರಲ್ಲಿ ಹತ್ತು ಕಿಲೋಮೀಟರಿನೊಳಗಿನ ಓಡಾಟ ಎಷ್ಟು, ಹೆದ್ದಾರಿಯ ಓಟ ಎಷ್ಟು ಎಂದು ಅಂದಾಜು ಮಾಡಿ. ಪೆಟ್ರೋಲೋ ಡೀಸೆಲೋ ಎನ್ನುವುದಕ್ಕೆ ಉತ್ತರ ಇರುವುದು ಇಲ್ಲಿ.

ತೆರಿಗೆಯ ಗೆರೆಗಳು

2025ರ ಸೆಪ್ಟೆಂಬರ್ 22ರಿಂದ ಕಾರುಗಳ ಜಿಎಸ್‌ಟಿ ಬದಲಾಗಿದೆ. ಉದ್ದ 4 ಮೀಟರಿನೊಳಗಿದ್ದು, ಪೆಟ್ರೋಲ್ ಎಂಜಿನ್ 1200 ಸಿಸಿಯೊಳಗೆ ಅಥವಾ ಡೀಸೆಲ್ ಎಂಜಿನ್ 1500 ಸಿಸಿಯೊಳಗೆ ಇದ್ದರೆ ಶೇ. 18. ಎರಡರಲ್ಲಿ ಒಂದು ತಪ್ಪಿದರೂ ಶೇ. 40. ಎಲೆಕ್ಟ್ರಿಕ್ ಗಾಡಿಗೆ ಶೇ. 5. ಹಾಗಾಗಿ ನೆಕ್ಸಾನ್, ವೆನ್ಯೂ, ಸೋನೆಟ್, ಎಕ್ಸ್‌ಯುವಿ 3ಎಕ್ಸ್‌ಒ, ಕೈಲಾಕ್, ಫ್ರಾಂಕ್ಸ್ ಎಲ್ಲ ಕೆಳಗಿನ ದರಕ್ಕೆ ಬರುತ್ತವೆ. ಬ್ರೆಝಾ 4 ಮೀಟರಿನೊಳಗಿದ್ದರೂ ಅದರ ಪೆಟ್ರೋಲ್ ಎಂಜಿನ್ 1462 ಸಿಸಿ ಆದ್ದರಿಂದ ಮೇಲಿನ ದರ. ಒಂದೇ ಗಾತ್ರದ ಎರಡು ಗಾಡಿಯ ಬೆಲೆ ಪಕ್ಕಪಕ್ಕ ಇಟ್ಟು ನೋಡುವಾಗ ಈ ವ್ಯತ್ಯಾಸ ತಲೆಯಲ್ಲಿರಲಿ. ಬ್ರೆಝಾಕ್ಕೆ ಕೊಡುವ ಹಣದಲ್ಲಿ ತೆರಿಗೆಯ ಪಾಲು ದೊಡ್ಡದು.

ಈ ಜಿಎಸ್‌ಟಿ ಎಕ್ಸ್‌ಶೋರೂಮ್ ಬೆಲೆಯೊಳಗೇ, ಅಂದರೆ ನೋಂದಣಿ ವಿಮೆ ಸೇರದ ಬೆಲೆಯೊಳಗೇ ಸೇರಿಹೋಗಿರುತ್ತದೆ. ಅದರ ಮೇಲೆ ಬರುವುದು ಕೇರಳದ ಹದಿನೈದು ವರ್ಷದ ರಸ್ತೆ ತೆರಿಗೆ. 2023ರ ಏಪ್ರಿಲಿನಿಂದ ಇರುವ ದರ: 5 ರಿಂದ 10 ಲಕ್ಷದವರೆಗೆ ಶೇ. 13, 10 ರಿಂದ 15 ಲಕ್ಷ ಶೇ. 15, 15 ರಿಂದ 20 ಲಕ್ಷ ಶೇ. 17, 20 ಲಕ್ಷ ದಾಟಿದರೆ ಶೇ. 22. ಇದು ಆದಾಯ ತೆರಿಗೆಯ ಹಾಗೆ ದಾಟಿದ ಭಾಗಕ್ಕೆ ಮಾತ್ರ ಬೀಳುವುದಲ್ಲ, ಪೂರ್ತಿ ಬೆಲೆಗೇ ಬೀಳುತ್ತದೆ. 19.95 ಲಕ್ಷದ ಗಾಡಿಗೆ ತೆರಿಗೆ 3,39,150 ರೂಪಾಯಿ. 20.05 ಲಕ್ಷದ್ದಕ್ಕೆ 4,41,100. ಹತ್ತು ಸಾವಿರ ಹೆಚ್ಚಿನ ಬಣ್ಣವನ್ನೋ ವೇರಿಯಂಟನ್ನೋ ಆರಿಸಿದ್ದಕ್ಕೆ ತೆರಿಗೆಯಲ್ಲೇ ಲಕ್ಷ ಹೋಯಿತು. 10 ಲಕ್ಷದ ಗೆರೆಯಲ್ಲಿಯೂ ಹೀಗೇ: 9.95 ಲಕ್ಷಕ್ಕೆ 1,29,350, 10.05 ಲಕ್ಷಕ್ಕೆ 1,50,750. ಎಕ್ಸ್‌ಶೋರೂಮ್ ಬೆಲೆ 10 ಲಕ್ಷ ದಾಟಿದರೆ ಶೇ. 1 ಟಿಸಿಎಸ್, ಅಂದರೆ ಮಾರುವವರೇ ಮುಂಚಿತವಾಗಿ ವಸೂಲು ಮಾಡುವ ಆದಾಯ ತೆರಿಗೆ ಕೂಡ ಕಟ್ಟಬೇಕು. ಅದು ರಿಟರ್ನ್ ಸಲ್ಲಿಸುವಾಗ ನಿಮ್ಮ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಇನ್‌ವಾಯ್ಸ್ ಯಾರ ಪ್ಯಾನಿನಲ್ಲಿದೆಯೋ ಅವರು ರಿಟರ್ನ್ ಹಾಕುವವರಾಗಿರಲಿ.

ಗಡಿಯಲ್ಲಿರುವವರಿಗೆ ಇನ್ನೊಂದು ಆಸೆ: ಮಂಗಳೂರಿನ ಬಂಧುಗಳ ವಿಳಾಸದಲ್ಲಿ ಕೆಎ 19 ನೋಂದಣಿ ಮಾಡಿಸಿಬಿಡುವುದು. ಲೆಕ್ಕ ಹಾಕಿ ನೋಡಿದವರು ಕಡಿಮೆ. ಕರ್ನಾಟಕದಲ್ಲಿ 5 ರಿಂದ 10 ಲಕ್ಷಕ್ಕೆ ಶೇ. 14, 10 ರಿಂದ 20 ಲಕ್ಷಕ್ಕೆ ಶೇ. 17, ಅದರ ಮೇಲೆ ಶೇ. 18, ಆ ತೆರಿಗೆಯ ಮೇಲೆ ಶೇ. 11 ಸೆಸ್. ಸೇರಿಸಿದರೆ 15.54, 18.87, 19.98. ಅಂದರೆ 20 ಲಕ್ಷದ ಕೆಳಗೆ ಕೇರಳವೇ ಅಗ್ಗ. 20 ಲಕ್ಷದ ಮೇಲೆ ಮಾತ್ರ ಕರ್ನಾಟಕ ಎರಡು ಶೇಕಡ ಕಡಿಮೆ, ಆದರೆ ಗಾಡಿ 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿದ್ದರೆ ಅಲ್ಲಿಯ ನೋಂದಣಿ ಮಾಡಿಸಲೇಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಪೈವಳಿಕೆಯ ಅಂಗಳದಲ್ಲಿ ನಿಲ್ಲುವ ಗಾಡಿಗೆ ಆ ದಾರಿ ಸರಿಯಲ್ಲ. ಮಂಗಳೂರಿನ ಶೋರೂಮಿನಿಂದ ಕೊಂಡು, ತಾತ್ಕಾಲಿಕ ನೋಂದಣಿಯಲ್ಲಿ ತಲಪಾಡಿ ದಾಟಿ ತಂದು, ಕಾಸರಗೋಡಿನ ಕೆಎಲ್ 14 ಮಾಡಿಸುವುದು ಮಾತ್ರ ಪೂರಾ ಸರಿ. ಜಿಎಸ್‌ಟಿ ಎರಡೂ ಕಡೆ ಒಂದೇ, ಹಾಗಾಗಿ ಎಲ್ಲಿ ಡಿಸ್ಕೌಂಟ್ ಮತ್ತು ಸ್ಟಾಕ್ ಚೆನ್ನಾಗಿದೆಯೋ ಅಲ್ಲಿ ಕೊಳ್ಳಿ. ಕೇರಳದ ನೋಂದಣಿಯ ಕಾಗದ ಯಾರು ಮಾಡಿಸಿಕೊಡುತ್ತಾರೆ ಎಂಬುದನ್ನು ಬುಕ್ಕಿಂಗ್ ಮೊದಲೇ ಬರೆಸಿಕೊಳ್ಳಿ.

ಇಂಧನ: ನಿಮ್ಮ ಓಟ ಏನು ಹೇಳುತ್ತದೆ

ತಿಂಗಳಿಗೆ 1000 ಕಿ.ಮೀ. ಎಂದಿಟ್ಟುಕೊಳ್ಳಿ. ಪೆಟ್ರೋಲ್ 106, ಡೀಸೆಲ್ 95 ರೂಪಾಯಿ ಎಂದು ಹಿಡಿದು, ನಮ್ಮ ಏರುತಗ್ಗಿನಲ್ಲಿ ನಿಜಕ್ಕೂ ಸಿಗಬಹುದಾದ ಮೈಲೇಜಿನಿಂದ ಲೆಕ್ಕ ಹಾಕೋಣ. ಪೆಟ್ರೋಲ್ ಎಸ್‌ಯುವಿ ಲೀಟರಿಗೆ 14 ಕೊಟ್ಟರೆ 7,570 ರೂಪಾಯಿ. ಡೀಸೆಲ್ 17 ಕೊಟ್ಟರೆ 5,590. ಪೆಟ್ರೋಲ್ ಎಂಜಿನ್ ಜತೆ ಬ್ಯಾಟರಿ ಮೋಟಾರೂ ಇರುವ ಸ್ಟ್ರಾಂಗ್ ಹೈಬ್ರಿಡ್ 21 ಕೊಟ್ಟರೆ 5,050. ಎಲೆಕ್ಟ್ರಿಕ್ ಒಂದು ಯೂನಿಟಿಗೆ 7 ಕಿ.ಮೀ. ಓಡಿ, ಯೂನಿಟಿಗೆ 8 ರೂಪಾಯಿ ಬಿದ್ದರೆ 1,140.

ಡೀಸೆಲಿನಲ್ಲಿ ಉಳಿಯುವುದು ತಿಂಗಳಿಗೆ ಸುಮಾರು 2,000. ಡೀಸೆಲ್ ವೇರಿಯಂಟಿಗೆ ಒಂದೂವರೆ ಲಕ್ಷ ಹೆಚ್ಚು, ಅದರ ಮೇಲೆ ಶೇ. 15 ತೆರಿಗೆ ಎಂದರೆ 1.72 ಲಕ್ಷ, ಅದನ್ನು ವಾಪಸು ಪಡೆಯಲು ಏಳು ವರ್ಷ ಬೇಕು. ತಿಂಗಳಿಗೆ 2000 ಕಿ.ಮೀ. ಓಡಿಸುವವರಿಗೆ ಮೂರೂವರೆ ವರ್ಷ ಸಾಕು. ಡೀಸೆಲ್ ಇರುವುದು ಅವರಿಗೆ.

ಕಡಿಮೆ ಓಡಿಸುವವರು ಡೀಸೆಲ್ ಕೊಂಡರೆ ಬರೀ ಹಣ ಹುಟ್ಟದಿರುವುದಲ್ಲ, ಗಾಡಿಯೂ ಕಾಟ ಕೊಡುತ್ತದೆ. ಬಿಎಸ್6 ಡೀಸೆಲಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಡಿಪಿಎಫ್ ಎನ್ನುತ್ತಾರೆ. ಮಸಿ ತುಂಬಿದಾಗ ಅದು ತಾನಾಗಿ ಬಿಸಿಯಾಗಿ ಸುಟ್ಟುಕೊಳ್ಳಬೇಕು. ಅದಕ್ಕೆ ಎಂಜಿನ್ ಚೆನ್ನಾಗಿ ಕಾದು, ಹೆದ್ದಾರಿಯ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ನೀರ್ಚಾಲಿನಿಂದ ಬದಿಯಡ್ಕಕ್ಕೆ ಹೋಗಿ ತರಕಾರಿ ತಂದು ನಿಲ್ಲಿಸುವ ಗಾಡಿಗೆ ಆ ಅವಕಾಶ ಸಿಗುವುದೇ ಇಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಂತು ನಿಂತು, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿ, ಎಂಜಿನಿನ ಬಲ ಇಳಿದು, ಕೊನೆಗೆ ವರ್ಕ್‌ಶಾಪಿಗೇ ಒಯ್ಯಬೇಕು. ವಾರಕ್ಕೊಮ್ಮೆ ಮಂಗಳೂರಿಗೋ ಕಾಞಂಗಾಡಿಗೋ ಹೆದ್ದಾರಿಯಲ್ಲಿ ಹೋಗುವುದಿದ್ದರೆ ಈ ಭಯವಿಲ್ಲ. ಹಲವು ಡೀಸೆಲ್‌ಗಳಿಗೆ ಆಡ್‌ಬ್ಲೂ ದ್ರಾವಣವನ್ನೂ ತುಂಬಿಸುತ್ತಿರಬೇಕು, ಖಾಲಿಯಾದರೆ ಗಾಡಿ ಸ್ಟಾರ್ಟೇ ಆಗದು.

ಹೈಬ್ರಿಡ್‌ಗೆ ಈ ರೀತಿಯ ಸಣ್ಣ ಓಟವೇ ಹಿತ. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್ ಪೇಟೆಯಲ್ಲೂ ಇಳಿಜಾರಿನಲ್ಲೂ ಬ್ಯಾಟರಿಯಲ್ಲೇ ಸಾಗುತ್ತದೆ. ಬೆಲೆ ಹೆಚ್ಚು. ಬ್ಯಾಟರಿ ಹಿಂದೆ ಕೂತಿರುವುದರಿಂದ ಡಿಕ್ಕಿಯೂ ಚಿಕ್ಕದು, ಗ್ರ್ಯಾಂಡ್ ವಿಟಾರಾದಲ್ಲಿ 373 ಲೀಟರಿನ ಜಾಗ 265ಕ್ಕೆ ಇಳಿದಿದೆ. ದುಬೈಯಿಂದ ಬಂದವರ ಎರಡು ದೊಡ್ಡ ಪೆಟ್ಟಿಗೆ ಅದರಲ್ಲಿ ಹಿಡಿಯುವುದಿಲ್ಲ. ಸಿಎನ್‌ಜಿ ಅಗ್ಗ, ಪಂಪುಗಳೂ ಜಿಲ್ಲೆಗೆ ಬಂದಿವೆ, ಆದರೆ ಏರಿನಲ್ಲಿ ಬಲ ಕುಗ್ಗುತ್ತದೆ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಗುಡ್ಡದ ಮನೆಯವರಿಗೆ ಅದು ಮೊದಲ ಆಯ್ಕೆಯಲ್ಲ.

ಎಲೆಕ್ಟ್ರಿಕ್ ಕೊಳ್ಳುವವರು ಕೆಎಸ್‌ಇಬಿಯ ಕರೆಂಟು ಬಿಲ್ಲನ್ನು ಮುಂದಿಟ್ಟುಕೊಳ್ಳಿ. ಕೇರಳದಲ್ಲಿ ಮನೆಯ ಬಳಕೆ ತಿಂಗಳಿಗೆ 250 ಯೂನಿಟಿನವರೆಗೆ ಹಂತ ಹಂತದ ದರ. ಅದನ್ನು ದಾಟಿದರೆ ಮೊದಲ ಯೂನಿಟಿನಿಂದಲೇ ಮೇಲಿನ ದರ. ಸಾವಿರ ಕಿಲೋಮೀಟರಿಗೆ ಗಾಡಿ 140 ಯೂನಿಟ್ ಕುಡಿಯುತ್ತದೆ. ಈಗ 180 ಯೂನಿಟ್ ಬಳಸುವ ಮನೆ ಆಗ 250ರ ಗೆರೆ ದಾಟುತ್ತದೆ, ಮಿಕ್ಸಿ ಫ್ಯಾನಿನ ಯೂನಿಟಿಗೂ ಹೆಚ್ಚು ಕೊಡಬೇಕಾಗುತ್ತದೆ. ತಾರಸಿಯಲ್ಲಿ ಸೋಲಾರ್ ಇದ್ದವರಿಗೆ ಈ ಚಿಂತೆಯಿಲ್ಲ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. 16 ಆಂಪಿಯರ್ ಪ್ಲಗ್ಗಿನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿದರೆ ದಿನದ ಓಟಕ್ಕೆ ಸಾಕು. 7.2 ಕಿಲೋವ್ಯಾಟ್ ಚಾರ್ಜರ್ ಹಾಕುವುದಾದರೆ 32 ಆಂಪಿಯರ್ ಬೇಕು, ಅದಕ್ಕೆ ಕೆಎಸ್‌ಇಬಿಯ ಸೆಕ್ಷನ್ ಆಫೀಸಿನಲ್ಲಿ ಲೋಡ್ ಹೆಚ್ಚಿಸಿ, ಅರ್ಥಿಂಗ್ ಹೊಸದಾಗಿ ಮಾಡಿಸಿ. 2025ರ ರಾಜ್ಯ ಬಜೆಟ್ಟಿನಿಂದ ಎಲೆಕ್ಟ್ರಿಕ್ ಗಾಡಿಯ ರಸ್ತೆ ತೆರಿಗೆ 15 ಲಕ್ಷದವರೆಗೆ ಶೇ. 5, 15 ಲಕ್ಷದ ಮೇಲೆ ಶೇ. 8, 20 ಲಕ್ಷದ ಮೇಲೆ ಶೇ. 10. ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಸ್ಕೀಮಿನ ಗಾಡಿಗೂ ಶೇ. 10 ಎಂಬುದನ್ನು ಮರೆಯಬೇಡಿ.

ಮೂರು ಗಾತ್ರ, ಮೂರು ಬಗೆಯ ಮನೆ

ನಾಲ್ಕು ಮೀಟರಿನೊಳಗಿನವು ನಾಲ್ಕು ಜನರ ಮನೆಗೆ ಧಾರಾಳ. ಜಿಎಸ್‌ಟಿ ಇಳಿದ ಮೇಲೆ ಈ ವರ್ಗದಲ್ಲಿ ಕೊಟ್ಟ ಹಣಕ್ಕೆ ಸಿಗುವುದು ಹೆಚ್ಚು ಎನ್ನುವುದು ನಮ್ಮ ಸ್ಪಷ್ಟ ಅಭಿಪ್ರಾಯ. ನೆಕ್ಸಾನಿನಲ್ಲಿ 208 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, 382 ಲೀಟರಿನ ಡಿಕ್ಕಿ, ಭಾರತ್ ಎನ್‌ಕ್ಯಾಪ್ ಎಂಬ ಸುರಕ್ಷತಾ ಪರೀಕ್ಷೆಯ ಐದು ಸ್ಟಾರ್. ಪೆಟ್ರೋಲ್, ಡೀಸೆಲ್, ಸಿಎನ್‌ಜಿ, ಎಲೆಕ್ಟ್ರಿಕ್ ನಾಲ್ಕೂ ಇವೆ. 3ಎಕ್ಸ್‌ಒ, ಕೈಲಾಕ್‌ಗೂ ಐದು ಸ್ಟಾರ್. ಇವುಗಳ ಸಣ್ಣ ಟರ್ಬೊ ಎಂಜಿನ್‌ಗಳಿಗೆ ಒಂದು ಸ್ವಭಾವವಿದೆ: ಆರ್‌ಪಿಎಂ ಏರುವವರೆಗೆ ಬಲ ಬರುವುದಿಲ್ಲ, ಬಂದರೆ ಒಮ್ಮೆಲೇ ಬರುತ್ತದೆ. ನಿಂತಲ್ಲಿಂದ ಏರು ಹತ್ತುವಾಗ ಕ್ಲಚ್ ಸ್ವಲ್ಪ ಹೆಚ್ಚು ಹಿಡಿಯಬೇಕು, ಹೊಸಬರು ಅದನ್ನು ಬೇಗ ಸುಟ್ಟುಬಿಡುತ್ತಾರೆ. ಬ್ರೆಝಾದ ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಮೆತ್ತಗೆ ಎಳೆಯುತ್ತದೆ, ಹಳೆ ಗಾಡಿ ಓಡಿಸಿ ಅಭ್ಯಾಸವಾದ ಹಿರಿಯರಿಗೆ ಅದೇ ಹೊಂದುತ್ತದೆ.

ಆಟೋಮ್ಯಾಟಿಕ್ ಬೇಕೆನ್ನುವವರು ಹೆಸರನ್ನು ಕೇಳಬೇಡಿ, ಗೇರ್‌ಬಾಕ್ಸಿನ ಜಾತಿ ಕೇಳಿ. ಎಎಂಟಿ, ಅಂದರೆ ಮಾಮೂಲಿ ಗೇರನ್ನೇ ಯಂತ್ರ ಹಾಕುವ ಬಗೆ, ಅಗ್ಗ. ಆದರೆ ಏರಿನಲ್ಲಿ ನಿಂತರೆ ಬ್ರೇಕಿನಿಂದ ಕಾಲು ತೆಗೆದೊಡನೆ ಹಿಂದಕ್ಕೆ ಜಾರಬಹುದು; ಹಾಗೆ ಜಾರದಂತೆ ಕ್ಷಣಕಾಲ ಬ್ರೇಕು ಹಿಡಿಯುವ ಹಿಲ್ ಹೋಲ್ಡ್ ಇಲ್ಲದ ಎಎಂಟಿ ಗುಡ್ಡದ ಮನೆಗೆ ಬೇಡ. ಒಣ ಕ್ಲಚ್ಚಿನ ಡಿಸಿಟಿ (ಎರಡು ಕ್ಲಚ್ಚಿನ ಗೇರ್‌ಬಾಕ್ಸ್) ಹೆದ್ದಾರಿಯಲ್ಲಿ ಚುರುಕು, ಆದರೆ ಏರಿನಲ್ಲಿ ಇಂಚಿಂಚು ಸರಿಯುವ ಸಾಲಿನಲ್ಲಿ ಸಿಕ್ಕಿಕೊಂಡರೆ ಬಿಸಿಯಾಗಿ ಎಚ್ಚರಿಕೆ ಕೊಡುತ್ತದೆ. ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇಂಧನ ಸ್ವಲ್ಪ ಹೆಚ್ಚು ಕುಡಿದರೂ ಇಂಥ ಕಡೆ ಅದೇ ನಂಬಿಕಸ್ತ: 3ಎಕ್ಸ್‌ಒ ಪೆಟ್ರೋಲ್, ಕೈಲಾಕ್, ಬ್ರೆಝಾ, ಸೋನೆಟ್ ಡೀಸೆಲ್, ಕ್ರೆಟಾ ಡೀಸೆಲ್ ಇವುಗಳಲ್ಲಿದೆ.

ಮಧ್ಯಮ ಗಾತ್ರದವು, ಅಂದರೆ ಕ್ರೆಟಾ, ಸೆಲ್ಟೋಸ್, ಎಲಿವೇಟ್, ಗ್ರ್ಯಾಂಡ್ ವಿಟಾರಾ, ವಿಕ್ಟೋರಿಸ್ ಇತ್ಯಾದಿ, ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಮಂಗಳೂರಿಗೆ ಹೋಗಿ ಬರುವ ಮನೆಗೆ. ಎಲಿವೇಟಿನ 458 ಲೀಟರ್ ಡಿಕ್ಕಿ, 220 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಈ ಊರಿಗೆ ಹೇಳಿ ಮಾಡಿಸಿದಂತಿದೆ, ಡೀಸೆಲ್ ಇಲ್ಲ. ಕ್ರೆಟಾದ ಬಲ ಅದರ ಡೀಸೆಲ್ ಆಟೋಮ್ಯಾಟಿಕ್ ಮತ್ತು ಮಾರುವಾಗಿನ ಬೆಲೆ. ಒಂದು ಮಾತು: ನಾಲ್ಕು ಮೀಟರಿನೊಳಗಿನ ಗಾಡಿಯ ಟಾಪ್ ವೇರಿಯಂಟಿನ ಬೆಲೆಗೆ ಇವುಗಳ ಕೆಳಗಿನ ವೇರಿಯಂಟ್ ಸಿಗುತ್ತದೆ ಎಂದು ಶೋರೂಮಿನಲ್ಲಿ ಹೇಳುತ್ತಾರೆ. ಮನೆಯಲ್ಲಿ ಐದು ಜನ ದೊಡ್ಡವರಿದ್ದರೆ ಆ ಮಾತು ಕೇಳಿ. ನಾಲ್ವರಿದ್ದರೆ ಕೇಳಬೇಡಿ.

ಮೂರು ಸಾಲಿನವು. ಸಫಾರಿ, ಎಕ್ಸ್‌ಯುವಿ700, ಅಲ್ಕಝಾರ್‌ಗಳ ಕೊನೆಯ ಸಾಲಿನಲ್ಲಿ ದೊಡ್ಡವರು ಮೊಣಕಾಲು ಎದೆಗೆ ತಾಗಿಸಿ ಕೂರಬೇಕು, ಸೀಟಿನಡಿಯ ನೆಲ ಎತ್ತರ ಇರುವುದೇ ಕಾರಣ. ಟೆಸ್ಟ್ ಡ್ರೈವಿನಲ್ಲಿ ಮನೆಯ ಅತಿ ಎತ್ತರದವರು ಅಲ್ಲಿ ಕೂತು ಅರ್ಧ ಗಂಟೆ ತಿರುಗಲಿ, ಜತೆಗೆ ಮೂರನೇ ಸಾಲು ಎತ್ತಿದಾಗ ಡಿಕ್ಕಿಯಲ್ಲಿ ಎಷ್ಟು ಚೀಲ ಹಿಡಿಯುತ್ತದೆ ಎಂದೂ ನೋಡಿ. ಏಳು ಜನ ಹತ್ತಿದರೆ ಸಾಮಾನಿಗೆ ಜಾಗವಿಲ್ಲ. ನಿಜವಾಗಿ ತಿಂಗಳಿಗೆ ನಾಲ್ಕೈದು ಸಲ ಆರೇಳು ಜನ ಹೋಗುವ ಕೂಡುಕುಟುಂಬಕ್ಕೆ ಎಸ್‌ಯುವಿಗಿಂತ ಕಾರೆನ್ಸ್ ಅಥವಾ ಇನ್ನೋವಾ ಹೈಕ್ರಾಸ್‌ನಂಥದ್ದೇ ಸರಿ. ಸ್ಕಾರ್ಪಿಯೋ ಎನ್ ತೋಟದ ಮಣ್ಣುದಾರಿಗೆ ಗಟ್ಟಿ, ಮಕ್ಕಳಿಗೂ ಅಜ್ಜಂದಿರಿಗೂ ಹೆದ್ದಾರಿಯಲ್ಲಿ ಓಲಾಟ ಹೆಚ್ಚು.

ಸಾಲ

ಶೋರೂಮಿನವರು ಕೇಳುವುದು "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಎಂದು. ಆ ಪ್ರಶ್ನೆಗೆ ಉತ್ತರ ಕೊಡಬೇಡಿ. ಅವರು ವರ್ಷ ಎಳೆದು ಅದೇ ಕಂತಿಗೆ ದೊಡ್ಡ ಗಾಡಿ ಕೂರಿಸುತ್ತಾರೆ. 10 ಲಕ್ಷ ಸಾಲ, ಶೇ. 9 ಬಡ್ಡಿ ಎಂದರೆ 5 ವರ್ಷಕ್ಕೆ ಕಂತು 20,758, ಒಟ್ಟು ಬಡ್ಡಿ 2.45 ಲಕ್ಷ. 7 ವರ್ಷಕ್ಕೆ ಕಂತು 16,089, ಬಡ್ಡಿ 3.51 ಲಕ್ಷ. ಬಡ್ಡಿಯ ಒಂದು ಲಕ್ಷಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಮೂರು ವರ್ಷ ಕಟ್ಟಿದ ಮೇಲೆ 5 ವರ್ಷದ ಸಾಲದಲ್ಲಿ ಉಳಿಯುವ ಅಸಲು 4.54 ಲಕ್ಷ, 7 ವರ್ಷದ್ದರಲ್ಲಿ ಇನ್ನೂ 6.47 ಲಕ್ಷ. ಅಷ್ಟರಲ್ಲಿ ಗಾಡಿಯ ಬೆಲೆ ಇಳಿದಿರುತ್ತದೆ. ತೆರಿಗೆ, ವಿಮೆ ಎಲ್ಲ ಸೇರಿದ ಪೂರ್ತಿ ಆನ್‌ರೋಡ್ ಬೆಲೆಗೆ ಸಾಲ ಎತ್ತಿದವರು ಮಧ್ಯದಲ್ಲಿ ಗಾಡಿ ಮಾರಬೇಕಾಗಿ ಬಂದರೆ ಕೈಯಿಂದ ಹಣ ಹಾಕಿ ಸಾಲ ತೀರಿಸಬೇಕಾಗುತ್ತದೆ. ರಸ್ತೆ ತೆರಿಗೆ, ವಿಮೆ, ಅದರ ಮೇಲೆ ಬೆಲೆಯ ಐದನೇ ಒಂದು ಪಾಲು ಕೈಯಿಂದ ಕೊಟ್ಟು, ಉಳಿದದ್ದಕ್ಕೆ 5 ವರ್ಷ. ಇಷ್ಟರಲ್ಲಿ ಕೂರದ ಗಾಡಿ ಈ ಸಲಕ್ಕೆ ನಿಮ್ಮದಲ್ಲ.

"ಬಡ್ಡಿ ಏಳೇ ಪರ್ಸೆಂಟ್" ಎಂದಾಗ ಅದು ಪೂರ್ತಿ ಸಾಲದ ಮೇಲೆ ಕೊನೆಯವರೆಗೂ ಹಾಕುವ ಫ್ಲ್ಯಾಟೋ, ಉಳಿದ ಅಸಲಿಗೆ ಮಾತ್ರ ಹಾಕುವ ರೆಡ್ಯೂಸಿಂಗೋ ಎಂದು ಕೇಳಿ. 10 ಲಕ್ಷಕ್ಕೆ ಫ್ಲ್ಯಾಟ್ ಶೇ. 7 ಎಂದರೆ ಐದು ವರ್ಷಕ್ಕೆ ಬಡ್ಡಿ 3.5 ಲಕ್ಷ, ಕಂತು 22,500. ತೀರಿಸಿದ ಅಸಲಿಗೂ ಬಡ್ಡಿ ಹಾಕುತ್ತಿರುವುದರಿಂದ ಅದು ನಿಜಕ್ಕೆ ಶೇ. 12.5ರ ಸಾಲ. ಬ್ಯಾಂಕಿನ ಶೇ. 9 ಇದಕ್ಕಿಂತ ಎಷ್ಟೋ ಅಗ್ಗ, ಕೇಳಲು ಮಾತ್ರ ದುಬಾರಿ.

ಸಹಿಗೆ ಮೊದಲು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಕಾಗದ ಕೇಳಿ ಪಡೆಯಿರಿ. 2024ರ ಅಕ್ಟೋಬರ್ 1ರಿಂದ ಇದನ್ನು ಕೊಡುವುದು ರಿಸರ್ವ್ ಬ್ಯಾಂಕಿನ ಕಡ್ಡಾಯ. ಪ್ರೊಸೆಸಿಂಗ್ ಫೀಸು ಇತ್ಯಾದಿ ಎಲ್ಲ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಎರಡು ಬ್ಯಾಂಕುಗಳನ್ನು ಹೋಲಿಸುವುದಾದರೆ ಆ ಒಂದು ಅಂಕಿಯನ್ನು ಹೋಲಿಸಿ. ಸಾಲಗಾರರಿಗೆ ತಿಳಿಯುವ ಭಾಷೆಯಲ್ಲೇ ಅದು ಇರಬೇಕು, ವಿವರಿಸಿ ಹೇಳಬೇಕು ಎಂದೂ ನಿಯಮವಿದೆ. ಮಲಯಾಳ ಓದಲು ಬಾರದ ನಮ್ಮವರು ಕನ್ನಡದಲ್ಲಿ ಕೊಡಿ ಎಂದು ಸಂಕೋಚವಿಲ್ಲದೆ ಕೇಳಬೇಕು, ಅದು ಹಕ್ಕು. ಕಾಗದಕ್ಕೆ ಕನಿಷ್ಠ ಮೂರು ಕೆಲಸದ ದಿನಗಳ ಅವಧಿ ಇರುತ್ತದೆ. ಮನೆಗೆ ತಂದು ಓದಿ. ಸಾಲಕ್ಕೆ ಜೋಡಿಸಿದ ಜೀವವಿಮೆಯ ಪ್ರೀಮಿಯಂ ಅಸಲಿಗೆ ಸೇರಿದೆಯೇ ನೋಡಿ. ಬೇಡವೆಂದರೆ ತೆಗೆಸಿ, ಅದಿಲ್ಲದೆ ಸಾಲವಿಲ್ಲ ಎಂಬ ಮಾತಿಗೆ ಆಧಾರವಿಲ್ಲ.

ಅಡಿಕೆ ತೋಟದವರಿಗೆ ಹಣ ತಿಂಗಳು ತಿಂಗಳು ಬರುವುದಿಲ್ಲ, ಒಣಗಿಸಿದ ಚಾಲಿ ಅಡಿಕೆ ಮಾರಿದಾಗ ಒಟ್ಟಿಗೆ ಬರುತ್ತದೆ. ಅವರಿಗೆ ಫ್ಲೋಟಿಂಗ್ ದರದ, ಅಂದರೆ ಬಡ್ಡಿ ನಡುವೆ ಏರಿಳಿಯುವ ಸಾಲವೇ ಮೇಲು. ವ್ಯಾಪಾರಕ್ಕಲ್ಲದೆ ವ್ಯಕ್ತಿಗಳು ತೆಗೆದ ಫ್ಲೋಟಿಂಗ್ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ. ಕಂತು ಸಣ್ಣದಿಟ್ಟುಕೊಂಡು, ಅಡಿಕೆ ಹಣ ಬಂದಾಗ ಅಸಲಿಗೆ ದೊಡ್ಡ ಮೊತ್ತ ಕಟ್ಟಿ, ಕಂತು ಇಳಿಸುವುದಲ್ಲ, ಅವಧಿ ಇಳಿಸಿ ಎಂದು ಬರೆದುಕೊಡಿ. ಸ್ಥಿರ ದರದ ಸಾಲದಲ್ಲಿ ಹೀಗೆ ಕಟ್ಟಿದರೆ ಶುಲ್ಕ ಇರಬಹುದು, ಮೊದಲ ಕೆಲವು ತಿಂಗಳು ಬಿಡದೆಯೂ ಇರಬಹುದು. ಅರ್ಧ ವರ್ಷಕ್ಕೊಂದು ಕಂತಿನ ಸೌಕರ್ಯವಿದೆಯೇ ಎಂದು ನಿಮ್ಮ ಸೇವಾ ಸಹಕಾರಿ ಬ್ಯಾಂಕಿನಲ್ಲಿ ಕೇಳಿನೋಡಿ. ಬಡ್ಡಿ ತುಸು ಹೆಚ್ಚಾದರೂ ಕಂತು ತಪ್ಪದಿರುವುದು ಮುಖ್ಯ.

ಗಲ್ಫಿನಲ್ಲಿ ದುಡಿಯುವವರಿರುವ ಮನೆಯಲ್ಲಿ ಎನ್‌ಆರ್‌ಇ ಠೇವಣಿ (ಅನಿವಾಸಿಗಳ ಖಾತೆಯ ಠೇವಣಿ) ಇದ್ದರೆ ಅದರ ಮೇಲಿನ ಸಾಲವನ್ನು ಮೊದಲು ವಿಚಾರಿಸಿ. ಠೇವಣಿಯ ಬಡ್ಡಿಗಿಂತ ಒಂದೆರಡು ಶೇಕಡ ಹೆಚ್ಚಷ್ಟೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ಬರುವುದಿಲ್ಲ. ಗಾಡಿ ಊರಲ್ಲಿ ಓಡಿಸುವವರ ಹೆಸರಿನಲ್ಲೇ ಇರಲಿ: ನೋಂದಣಿ, ವಿಮೆ ಕ್ಲೇಮು, ಮುಂದೆ ಮಾರಾಟ ಎಲ್ಲಕ್ಕೂ ರಜೆಯಲ್ಲಿ ಬರುವವರನ್ನು ಕಾಯಬೇಕಾಗುವುದಿಲ್ಲ.

ಚಿನ್ನದ ಸಾಲ ಮುಂಗಡಕ್ಕೆ ಎರಡು ಮೂರು ತಿಂಗಳ ಕೊರತೆ ತುಂಬಲು ಸರಿ. ಐದು ವರ್ಷದ ಗಾಡಿಗೆ ಅಲ್ಲ. ಒಂದೇ ಸಲಕ್ಕೆ ಅಸಲು ಬಡ್ಡಿ ತೀರಿಸುವ ಬಗೆಯದ್ದು 12 ತಿಂಗಳಿಗೆ ಮುಗಿಯಲೇಬೇಕು, ತಪ್ಪಿದರೆ ಹರಾಜಿಗೆ ಹೋಗುವುದು ಮನೆಯ ಹೆಂಗಸರ ಒಡವೆ.

ಕೊಟೇಶನ್ ಮತ್ತು ವಿಮೆ

ಕೊಟೇಶನ್ನಿನ ಸಾಲುಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿ. ಎಕ್ಸ್‌ಶೋರೂಮ್, ಟಿಸಿಎಸ್, ರಸ್ತೆ ತೆರಿಗೆ, ನೋಂದಣಿ, ವಿಮೆ, ಫಾಸ್ಟ್ಯಾಗ್: ಇವು ಇರಲೇಬೇಕಾದವು. ಹ್ಯಾಂಡ್ಲಿಂಗ್ ಚಾರ್ಜ್, ಎಸೆನ್ಶಿಯಲ್ ಕಿಟ್, ಟೆಫ್ಲಾನ್ ಕೋಟಿಂಗ್ ಬಂದರೆ ಗೆರೆ ಹೊಡೆಯಿರಿ. ಉಪ್ಪುಗಾಳಿಯ ಕರಾವಳಿಯಲ್ಲಿ ಬಣ್ಣಕ್ಕಿಂತ ತಳದ ತುಕ್ಕು ಮೊದಲು ಬರುತ್ತದೆ. ಹಣ ಹಾಕುವುದಿದ್ದರೆ ಅಡಿಭಾಗದ ಕೋಟಿಂಗಿಗೆ ಹಾಕಿ, ಮಳೆಗಾಲದ ಕೊನೆಗೆ ತಳ ತೊಳೆಸಿ.

ಹೊಸ ಗಾಡಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸ್ವಂತ ಹಾನಿಯ ವಿಮೆಯನ್ನು ಶೋರೂಮಿನಲ್ಲೇ ಕೊಳ್ಳಬೇಕೆಂದಿಲ್ಲ, ಅದೇ ಆಡ್‌ಆನ್‌ಗಳಿಗೆ (ಹೆಚ್ಚುವರಿ ರಕ್ಷಣೆಗಳಿಗೆ) ಹೊರಗಿನ ದರ ತಂದು ತೋರಿಸಿದರೆ ಹೆಚ್ಚಾಗಿ ಅವರೇ ಇಳಿಸುತ್ತಾರೆ. ಸವೆತದ ಲೆಕ್ಕ ಕಳೆಯದೆ ಕೊಡುವ ಝೀರೋ ಡೆಪ್ ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಅರ್ಧ ಬೆಲೆ ನಿಮ್ಮ ಕೈಯಿಂದ. ಇಲ್ಲಿ ಬಿಡಲೇಬಾರದ ಆಡ್‌ಆನ್ ಎಂಜಿನ್ ಪ್ರೊಟೆಕ್ಟ್. ರೈಲ್ವೆ ಅಂಡರ್‌ಪಾಸಿನಲ್ಲಿ ನಿಂತ ನೀರಿಗೆ ಇಳಿದು ಎಂಜಿನ್ ಒಳಗೆ ನೀರು ಸೇರಿದರೆ ಮಾಮೂಲಿ ಪಾಲಿಸಿ ಕೈ ಎತ್ತುತ್ತದೆ. ನೀರಿನಲ್ಲಿ ಆಫ್ ಆದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಪಿಸ್ಟನ್ನು ನೀರನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಮೇಲೆ ತಂದು ಎಳೆಸಿಕೊಂಡೇ ಹೋಗಬೇಕು.

ಈಗ ನಿಮ್ಮ ಕಾಗದ ತೆಗೆಯಿರಿ. ತಿಂಗಳಿಗೆ 600 ಕಿ.ಮೀ., ನಾಲ್ಕು ಜನ, ಶಾಲೆ ಪೇಟೆ ಓಡಾಟ, ಕೈಯಲ್ಲಿ ಮೂರು ನಾಲ್ಕು ಲಕ್ಷ ಎಂದಿದ್ದರೆ ನಾಲ್ಕು ಮೀಟರಿನೊಳಗಿನ ಪೆಟ್ರೋಲ್, ಎಕ್ಸ್‌ಶೋರೂಮ್ 10 ಲಕ್ಷದ ಗೆರೆಯೊಳಗೆ. ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿಬಂದು ತಿಂಗಳಿಗೆ 2000 ದಾಟುವವರಿಗೆ, ಮನೆಯಲ್ಲಿ ಸೋಲಾರ್ ಇದ್ದರೆ ಎಲೆಕ್ಟ್ರಿಕ್, ಇಲ್ಲದಿದ್ದರೆ ಡೀಸೆಲ್. ಐವರು ದೊಡ್ಡವರು, ಆಸ್ಪತ್ರೆ, ಸಾವಿರದಷ್ಟು ಓಟ ಎಂದರೆ ಎಲಿವೇಟ್ ಅಥವಾ ಹೈಬ್ರಿಡ್. ಡಿಕ್ಕಿ ಬೇಕಾದವರಿಗೆ ಮೊದಲನೆಯದು, ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಎರಡನೆಯದು. ಕೂಡುಕುಟುಂಬ, ಮಣ್ಣಿನ ದಾರಿ, ಡೀಸೆಲಿಗೆ ಬೇಕಾದಷ್ಟು ಓಟ ಇದ್ದವರು ಮೂರು ಸಾಲಿನದ್ದಕ್ಕೆ ಹೋಗಲಿ, 20 ಲಕ್ಷದ ಗೆರೆಯ ಈಚೆಗೇ ನಿಲ್ಲಲಿ.

ಗಾಡಿ ಬಿಡಿಸುವ ದಿನ ಹಗಲು ಹೊತ್ತಿಗೆ ಹೋಗಿ. ಹಣ ಪೂರ್ತಿ ಕಟ್ಟುವ ಮೊದಲು ಚಾಸಿ ನಂಬರನ್ನು ಇನ್‌ವಾಯ್ಸಿನ ಜತೆ ತಾಳೆ ನೋಡಿ, ತಯಾರಾದ ತಿಂಗಳು ಕೇಳಿ, ಐದೂ ಟಯರಿನ ಬದಿಯಲ್ಲಿ ವಾರ ಮತ್ತು ವರ್ಷ ಸೂಚಿಸುವ ನಾಲ್ಕು ಅಂಕಿ ಓದಿ. ಸಾಲ ತೀರಿದ ದಿನ ಬ್ಯಾಂಕಿನಿಂದ ಎನ್‌ಒಸಿ ಮತ್ತು ಸಹಿ ಮಾಡಿದ ಫಾರ್ಮ್ 35 ಪಡೆದು, ಪರಿವಾಹನ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ವಿಮೆಯ ಪಾಲಿಸಿಯಲ್ಲೂ ತೆಗೆಸಿ. ಅದು ಉಳಿದಿದ್ದರೆ ಹಲವು ವರ್ಷದ ನಂತರ ಗಾಡಿ ಮಾರುವಾಗ ಹೆಸರು ಬದಲಾವಣೆ ಅಲ್ಲಿಯೇ ನಿಲ್ಲುತ್ತದೆ.